ಏಳನೆಯ ಕಲಮು

ಒಂದು ಕೊಡ ಬಿಸಿನೀರಿಗೆ ಏನು ಖರ್ಚು? ಹಳ್ಳಿಯಲ್ಲಾದರೆ ಎರಡು ಒಣ ಕಟ್ಟಿಗೆ ಕುಂಟೆ, ಒಂದು ಹೆಡಿಗೆ ಅಡಿಕೆ ಸಿಪ್ಪೆ, ಊದುವುದಕ್ಕೆ ಸ್ವಲ್ಪ ಉಸಿರು. ಶಿರಸಿ ಬಸ್‌ಸ್ಟ್ಯಾಂಡಿನ ಹಿಂದಿನ ಲಾಡ್ಜಿನಲ್ಲಾದರೆ ಮೂವತ್ತು ರೂಪಾಯಿ, ಸಾಬೂನು ಬೇರೆ. ಗುಡ್ಡದ ಮೇಲಿನ ಮೆಡಿಕಲ್ ಕಾಲೇಜಿನ ಹೊಸ ವಿಶ್ರಾಂತಿ ಕೋಣೆಯಲ್ಲಾದರೆ ಏನೂ ಇಲ್ಲ. ಕೆಂಪು ಚುಕ್ಕೆಯ ನಲ್ಲಿ ತಿರುಗಿಸಿದರೆ ಬಂತು.

ಅದೇ ನೀರು ಗೌರಕ್ಕನಿಗೆ ಎಷ್ಟಕ್ಕೆ ಬಿತ್ತು ಎಂಬುದು ಬೇರೆ ಮಾತು.

ಗೌರಕ್ಕ ಸಿದ್ದಾಪುರ ತಾಲೂಕಿನ ಬಿಳಗಿ ಕಡೆಯವಳು. ವಯಸ್ಸು ಐವತ್ತೆರಡೋ ಐವತ್ಮೂರೋ. ಅವಳಿಗೆ ಒಂದು ವಿದ್ಯೆ ಬರುತ್ತಿತ್ತು. ಕೂಸುಗಳಿಗೆ ನೀರು ಹಾಕುವುದು. ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಅಂಗೈಯಲ್ಲಿ ಬಿಸಿ ನೋಡಿ ಒಂದು ಧಾರೆ ಬಿಟ್ಟಳೆಂದರೆ ಅಳುವ ಕೂಸು ಅಲ್ಲೇ ಆಕಳಿಸುತ್ತಿತ್ತು. ತೋಟದ ಮನೆಯವರೂ ಕರೆಯುತ್ತಿದ್ದರು. ಹಿಂಬಾಗಿಲಿಂದ ಬಚ್ಚಲಿಗೆ ಹೋಗಬೇಕು, ಹಿಂಬಾಗಿಲಿಂದಲೇ ಬರಬೇಕು. ನೀರು ಹಾಕಿ ಮುಗಿಯುವವರೆಗೆ ಕೂಸಿಗೂ ಜಾತಿ ಇರುತ್ತಿರಲಿಲ್ಲ, ಗೌರಕ್ಕನಿಗೂ ಇರುತ್ತಿರಲಿಲ್ಲ. ಒರೆಸಿ ಒಳಗೆ ಕೊಟ್ಟ ಮೇಲೆ ಇಬ್ಬರಿಗೂ ಬರುತ್ತಿತ್ತು. ಚಾ ಮಾತ್ರ ಸೂರಿಗೆ ಸಿಕ್ಕಿಸಿದ ಬೇರೆ ಲೋಟದಲ್ಲಿ.

ಗಂಡ ಸತ್ತ ಮೇಲೆ ಶಿರಸಿಗೆ ಬಂದಳು. ಕಾಲೇಜಿನ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಕಾಲೇಜಿನ ಕೆಲಸವಲ್ಲ, ಶಿವಪುತ್ರಪ್ಪನ ಕೆಲಸ. ಶಿವಪುತ್ರಪ್ಪ ಹಾನಗಲ್ ಕಡೆಯ ಗುತ್ತಿಗೆದಾರ. ಹದಿನಾಲ್ಕು ಹೆಂಗಸರನ್ನು ಕಾಲೇಜಿಗೆ ಒದಗಿಸಿದ್ದ, ಬಾಡಿಗೆ ಕುರ್ಚಿ ಒದಗಿಸಿದ ಹಾಗೆ.

ಕೊರೋನಾ ಬಂತು. ಎರಡನೆಯ ಸಲ ಬಂದಾಗ ಬಲವಾಗಿಯೇ ಬಂತು. ವಾರ್ಡು ತುಂಬಿತು. ಡಾಕ್ಟರು ದಿನಕ್ಕೆ ಎರಡು ಸಲ ಒಳಗೆ ಬರುತ್ತಿದ್ದರು. ನರ್ಸುಗಳು ನಾಲ್ಕು ಸಲ. ಹದಿನಾಲ್ಕು ಹೆಂಗಸರು ಮಾತ್ರ ಒಳಗೇ. ವಾಂತಿ ಬಳಿದರು. ಮಲದ ಪಾತ್ರೆ ಹೊತ್ತರು. ರೋಗಿಗಳ ಕಸ ತುಂಬಿದ ಹಳದಿ ಚೀಲಗಳನ್ನು ಬೆನ್ನು ಬಾಗಿಸಿ ಎಳೆದರು. ಸತ್ತವರ ಕಾಲು ಹಿಡಿದರು, ತಲೆ ಹಿಡಿಯುವವರು ಬಾರದಿದ್ದಾಗ ತಲೆಯನ್ನೂ ಹಿಡಿದರು. ಬ್ಲೀಚಿಂಗಿಗೆ ಬೆರಳ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತು. ಡಾಕ್ಟರಿಗೆ ಬಿಳಿ ಕಿಟ್ಟು ಬಂತು. ಇವರಿಗೆ ಶಿವಪುತ್ರಪ್ಪ ಹಸಿರು ರೇನ್‌ಕೋಟು ಕೊಟ್ಟ.

"ಇದು ಮಳೇದಲ್ರಾ?" ಎಂದಳು ರೋಹಿಣಿ. ಹದಿನಾಲ್ಕರಲ್ಲಿ ಅವಳೇ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು.

"ಮಳಿ ಒಳಗ ಬರದಿಲ್ಲಂದ್ರ ಕೊರೋನಾ ಹೆಂಗ ಬರ್ತದವಾ?" ಎಂದ ಶಿವಪುತ್ರಪ್ಪ. "ಹಾಕ್ಕೊಂಡು ನಡೀರಿ."

ರೋಗ ಮೊದಲ ಸಲ ಬಂದಾಗಲೇ ಕಾಲೇಜಿಗೆ ಎಲ್ಲಿಂದಲೋ ದೊಡ್ಡ ಅನುದಾನ ಬಂದಿತ್ತು. ರೋಗದ ಕಾಲದಲ್ಲಿ ಸಂಶೋಧನೆಗೆ ಅರ್ಧ, ಸಿಬ್ಬಂದಿಯ ಅನುಕೂಲಕ್ಕೆ ಅರ್ಧ. ಸಂಶೋಧನೆಯ ಅರ್ಧದಲ್ಲಿ ಒಂದು ಲ್ಯಾಬು ಎದ್ದಿತು. ಅನುಕೂಲದ ಅರ್ಧದಲ್ಲಿ ವಿಶ್ರಾಂತಿ ಕೋಣೆ ಎದ್ದಿತು. ಮಂಚ, ಟೀವಿ, ನಾಲ್ಕು ಬಚ್ಚಲು, ನಾಲ್ಕಕ್ಕೂ ಬಿಸಿನೀರು. ಬಾಗಿಲ ಮೇಲೆ ಬೋರ್ಡು: ಸಿಬ್ಬಂದಿಗೆ ಮಾತ್ರ.

ಆ ಬಚ್ಚಲು ತೊಳೆಯುವವಳು ಗೌರಕ್ಕ. ದಿನಾ ಬೆಳಿಗ್ಗೆ ಮೊಣಕಾಲೂರಿ ಒಂದೊಂದು ಹಂಚನ್ನೂ ಉಜ್ಜುತ್ತಿದ್ದಳು. ಬೇರೆಯವರ ಕೂದಲು ತೂತಿನಿಂದ ಎಳೆಯುತ್ತಿದ್ದಳು. ಕೆಂಪು ಚುಕ್ಕೆಯ ನಲ್ಲಿಯನ್ನು ಹೊಳೆಯುವ ಹಾಗೆ ಒರೆಸುತ್ತಿದ್ದಳು. ಪಾಳಿ ಮುಗಿದ ಮೇಲೆ ಅವಳ ಸ್ನಾನ ಎಲ್ಲಿ? ಲಾಂಡ್ರಿಯ ಹಿಂದಿನ ನಲ್ಲಿಯಲ್ಲಿ. ಬಟಾಬಯಲು. ಒಬ್ಬಳು ಪ್ಲಾಸ್ಟಿಕ್ ಹಾಳೆ ಅಡ್ಡ ಹಿಡಿಯಬೇಕು, ಇನ್ನೊಬ್ಬಳು ಸೀರೆ ಸುತ್ತಿಕೊಂಡೇ ತಣ್ಣೀರು ಹೊಯ್ದುಕೊಳ್ಳಬೇಕು. ಗಾಳಿ ಬಂದರೆ ಹಾಳೆ ಒಂದು ಕಡೆ, ಮಾನ ಒಂದು ಕಡೆ. ಇವರ ತೊಳೆಯುವ ಕೈ ಕಾಲೇಜಿಗೆ ಬೇಕಿತ್ತು. ಆ ಕೈಗೆ ಒಂದು ಮೈಯಿದೆ, ಅದನ್ನೂ ತೊಳೆಯಬೇಕು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಮನೆಗೆ ಹೋಗಿ ಮಿಂದರಾಗದೇ ಎಂದು ಕೇಳುತ್ತೀರಿ. ಗೌರಕ್ಕನ ಮನೆ ಎಂದರೆ ಸಾಲುಮನೆಯ ಒಂದು ಕೋಣೆ. ಐದು ಮನೆಗೆ ಒಂದೇ ಬಚ್ಚಲು. "ಆಸ್ಪತ್ರೆ ಮೈಯನ್ನ ಆಸ್ಪತ್ರೇಲೇ ತೊಳ್ದು ಬಾ" ಎಂದಿದ್ದ ಮಾಲೀಕ. ಉಳಿದ ನಾಲ್ಕು ಮನೆಯವರು ಅವನ ಹಿಂದೆ ನಿಂತು ತಲೆ ಆಡಿಸಿದ್ದರು.

ಇಷ್ಟಾದರೂ ಗೌರಕ್ಕ ಸಹಿಸುತ್ತಿದ್ದಳೇನೋ. ಆದರೆ ವೈಶಾಖದಲ್ಲಿ ಮಗಳು ದೇವಿ ಹೆತ್ತಳು. ಹೆಣ್ಣುಕೂಸು. ಅದೇ ಒಂದು ಕೋಣೆಯಲ್ಲಿ ಬಾಣಂತನ. ಗೌರಕ್ಕ ಜಗುಲಿಯಲ್ಲಿ ಚಾಪೆ ಹಾಸಿದಳು. ತಣ್ಣೀರ ಸ್ನಾನಕ್ಕೆ ನೆಗಡಿ ಹಿಡಿಯಿತು. ನೆಗಡಿ ಕೆಮ್ಮಾಯಿತು. ಆ ದಿನಗಳಲ್ಲಿ ಕೊಲೆ ಮಾಡಿದವನಾದರೂ ಊರಲ್ಲಿ ತಿರುಗಬಹುದಿತ್ತು, ಕೆಮ್ಮಿದವನಿಗೆ ಉಳಿಗಾಲವಿರಲಿಲ್ಲ. ಮೂರು ಸಲ ಮೂಗಿಗೆ ಕಡ್ಡಿ ಹಾಕಿದರು. ಮೂರು ಸಲವೂ ಏನೂ ಇಲ್ಲ. ಕೆಮ್ಮು ಮಾತ್ರ ಇತ್ತು. ಮಿಂದಷ್ಟೂ ಕೆಮ್ಮು, ಕೆಮ್ಮಿದಷ್ಟೂ ಕೂಸಿನಿಂದ ದೂರ.

ಕೂಸಿಗೆ ನೀರು ಹಾಕುತ್ತಿದ್ದವಳು ಪಕ್ಕದ ಮನೆಯವಳು. ಬಟ್ಟೆ ಒಗೆದ ಹಾಗೆ ಹಾಕುತ್ತಿದ್ದಳು. ಗೌರಕ್ಕ ಅಂಗಳದಿಂದ ಕೂಗುತ್ತಿದ್ದಳು: "ಕುತ್ತಿಗೆ ಹಿಡಿಯೇ! ಕಿವಿಗೆ ಹೋತು ನೀರು! ಅದು ಕೂಸು, ಗೋಣಿಚೀಲ ಅಲ್ಲ!"

"ಬಂದು ನೀನೇ ಹಾಕು ಹಂಗಾರೆ" ಎನ್ನುತ್ತಿದ್ದಳು ಅವಳು. ಅಷ್ಟು ಹೊತ್ತಿಗೆ ಗೌರಕ್ಕನಿಗೆ ಕೆಮ್ಮು ಬರುತ್ತಿತ್ತು.

ಮೂರು ತಿಂಗಳು ತುಂಬಿದರೆ ದೇವಿ ಗಂಡನ ಮನೆಗೆ ಹೊರಡುವವಳು, ಬಿಳಗಿ ಹತ್ತಿರದ ಊರಿಗೆ. ನಾಲ್ಕೂರ ಕೂಸುಗಳಿಗೆ ನೀರು ಹಾಕಿದ ಕೈ, ಸ್ವಂತ ಮೊಮ್ಮಗಳನ್ನು ಒಂದು ಸಲವೂ ಮುಟ್ಟಿರಲಿಲ್ಲ.

ಗೌರಕ್ಕ ಬಿಸಿನೀರು ಕೇಳಲಿಲ್ಲವೆಂದಲ್ಲ. ಮೂರು ಸಲ ಕೇಳಿದ್ದಳು. ಕಾಲೇಜಿನ ಆಡಳಿತಾಧಿಕಾರಿ ನಾಗಪತಿ ಹೆಗಡೆಯವರು "ನೀವು ಶಿವಪುತ್ರಪ್ಪನ ಜನ, ಅವನ್ನ ಕೇಳಿ" ಎಂದರು. ಶಿವಪುತ್ರಪ್ಪ "ಬಚ್ಚಲ ಕಾಲೇಜಿಂದು, ಸಾಹೇಬ್ರನ್ನ ಕೇಳ್ರಿ" ಎಂದ. ಮೂರನೆಯ ಸಲ ಇಬ್ಬರೂ ಒಟ್ಟಿಗೆ ಸಿಕ್ಕರು. ಇಬ್ಬರೂ ಫೋನಿನಲ್ಲಿದ್ದರು.

ಇತ್ತ ಲ್ಯಾಬಿನಲ್ಲಿ ಸಂಶೋಧನೆ ನಡೆದಿತ್ತು. ಲಸಿಕೆ ಹಾಕಿಸಿಕೊಂಡ ಸಿಬ್ಬಂದಿಯ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಎಷ್ಟು ಬಂತು, ಎಷ್ಟು ದಿನ ಉಳಿಯಿತು ಎಂದು ನೋಡುವುದು. ನಾಲ್ಕು ಸಲ ರಕ್ತ ಕೊಡಬೇಕು. ನೋಡಿಕೊಳ್ಳುವವಳು ಡಾಕ್ಟರು ಅಭಿಜ್ಞಾ. ಯಲ್ಲಾಪುರ ಕಡೆಯ ತೋಟದವರ ಮನೆ ಹುಡುಗಿ, ಕೆಲಸದಲ್ಲಿ ಚುರುಕು, ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಜಾತಿ.

ಮೊದಲ ರಕ್ತದ ದಿನ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಬೇಕಿತ್ತು. ಓದಲು ಬಾರದವರಿಗೆ ಪೂರ್ತಿ ಓದಿ ಹೇಳಬೇಕೆಂದು ನಿಯಮ. ಹದಿನಾಲ್ಕು ಕಲಮು. ಅಭಿಜ್ಞಾ ಒಬ್ಬೊಬ್ಬರಿಗೂ ಓದಿದಳು. ಬೇರೆ ಡಾಕ್ಟರಾಗಿದ್ದರೆ ಇಲ್ಲಿ ಒತ್ತು, ಅಲ್ಲಿ ಒತ್ತು ಎಂದು ಕಳಿಸುತ್ತಿದ್ದರು. ಇವಳಿಗೆ ನಿಯಮವೆಂದರೆ ನಿಯಮ. ಮುಂದೆ ಆದ ಫಜೀತಿಗೆಲ್ಲ ಮೂಲ ಈ ಒಳ್ಳೆಯತನವೇ.

ಏಳನೆಯ ಕಲಮು ಬಂತು. "ನೀವು ಯಾವಾಗ ಬೇಕಾದರೂ, ಯಾವ ಕಾರಣವನ್ನೂ ಕೊಡದೆ, ಈ ಅಧ್ಯಯನದಿಂದ ಹೊರಗೆ ಹೋಗಬಹುದು. ಅದರಿಂದ ನಿಮ್ಮ ಕೆಲಸಕ್ಕಾಗಲಿ ಚಿಕಿತ್ಸೆಗಾಗಲಿ ತೊಂದರೆಯಾಗುವುದಿಲ್ಲ."

ಗೌರಕ್ಕ ಮುಂದಕ್ಕೆ ಬಾಗಿದಳು. "ಇನ್ನೊಂದ್ಸಲ ಓದ್ರಾ ಡಾಕ್ಟ್ರಮ್ಮ."

ಅಭಿಜ್ಞಾ ಓದಿದಳು.

"ಅಂದ್ರೆ, ಒಲ್ಲೆ ಅನ್ನಬೌದು?"

"ಅನ್ನಬಹುದು."

"ಎಂತಕ್ಕೆ ಒಲ್ಲೆ ಅಂತ ಕೇಳಂಗಿಲ್ಲ?"

"ಕೇಳೋ ಹಾಗಿಲ್ಲ."

"ಕೆಲಸ ಹೋಗ್ತಿಲ್ಲ?"

"ಇಲ್ಲ. ಕಾಲೇಜಿನ ಸೀಲು ಇದೆ ನೋಡಿ."

ಐವತ್ತು ವರ್ಷದಲ್ಲಿ ಒಲ್ಲೆ ಎನ್ನಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಾಗದವೊಂದು ಹೇಳಿತು, ಅದೂ ಸೀಲು ಹಾಕಿ. "ಮತ್ತೊಂದ್ಸಲ ಓದ್ರಾ" ಎಂದಳು. ಕಥೆ ಕೇಳುವ ಮಕ್ಕಳ ಹಾಗೆ ಹೆಂಗಸರೆಲ್ಲ ಆ ಕಲಮನ್ನು ಮತ್ತೆ ಮತ್ತೆ ಓದಿಸಿದರು. ಸಂಜೆಯ ಹೊತ್ತಿಗೆ ಹದಿನಾಲ್ಕು ಜನಕ್ಕೂ ಬಾಯಿಪಾಠ. ಆಮೇಲೆ ಎಲ್ಲರೂ ಸಂತೋಷವಾಗಿ ರಕ್ತ ಕೊಟ್ಟರು. ಎರಡನೆಯ ಸಲವೂ ಕೊಟ್ಟರು.

ಮೂರನೆಯ ರಕ್ತದ ದಿನ ಸೋಮವಾರ. ಆರಿದ್ರೆ ಮಳೆ ಹಿಡಿದಿತ್ತು. ಹಿಂದಿನ ದಿನವಷ್ಟೆ ದೇವಿಯ ಕೂಸಿಗೆ ಕಿವಿ ಸೋರಲು ಶುರುವಾಗಿತ್ತು. ಗೌರಕ್ಕ ಜಗುಲಿಯಲ್ಲಿ ಕೂತು ಆ ಅಳು ಕೇಳಿದ್ದಳು.

ಅಭಿಜ್ಞಾ ಸೂಜಿ ತೆಗೆದಳು. "ಕೈ ಚಾಚಿ ಗೌರಕ್ಕಾ."

ಗೌರಕ್ಕ ಕೈ ಚಾಚಿದಳು. ತನ್ನ ಕೈಯನ್ನು ತಾನೇ ನೋಡಿದಳು. ಸಿಪ್ಪೆ ಎದ್ದ ಬೆರಳು. ಉಬ್ಬಿದ ನರ. ಆಮೇಲೆ ಮಡಚಿ ಸೆರಗಿನ ಒಳಗಿಟ್ಟುಕೊಂಡಳು.

"ಏಳನೇದು" ಎಂದಳು.

"ಎಂತದು?"

"ಏಳನೇ ಕಲಮು."

ಎದ್ದು ಹೋದಳು. ಹಿಂದಿದ್ದ ರೋಹಿಣಿ ಬಂದು ಕೂತಳು. ಅಭಿಜ್ಞಾಳ ಮುಖ ನೋಡಿ ನಗು ತಡೆದುಕೊಂಡಳು. "ಏಳನೇದು" ಎಂದಳು. ಆಮೇಲಿನವಳೂ ಏಳನೆಯದು. ಹದಿನಾಲ್ಕು ಜನರೂ ಸಾಲಾಗಿ ಬಂದರು, ಸಾಲಾಗಿ ಹೋದರು, ದೇವಸ್ಥಾನದಲ್ಲಿ ಪ್ರಸಾದ ತೆಗೆದುಕೊಂಡ ಹಾಗೆ. ಹದಿನಾಲ್ಕು ಸಿರಿಂಜು ಖಾಲಿ ಉಳಿದವು.

ಹೊರಗೆ ರೋಹಿಣಿ ಕೇಳಿದಳು, "ಬಿಸಿನೀರು ಬೇಕು ಅಂತ ಹೇಳದಲ್ದನೇ ಅತ್ತೆ?"

"ಮೂರು ಸಲ ಹೇಳಿ ಆತು. ಕೇಳ್ದ್ರೆ ಇಲ್ಲ ಅಂತಾರೆ. ಕೇಳದೆ ಕೂತ್ರೆ ಅವ್ರೇ ಹುಡುಕ್ತಾರೆ. ಹುಡುಕಲಿ, ಓದಿದವ್ರು."

ಹುಡುಕಾಟ ಶುರುವಾಯಿತು. ಏಳು ದಿನದೊಳಗೆ ಮೂರನೆಯ ರಕ್ತ ಬೇಕು, ತಪ್ಪಿದರೆ ಮೊದಲ ಎರಡೂ ದಂಡ. ಇಡೀ ಕಾಲೇಜಿನಲ್ಲಿ ದಿನವಿಡೀ ರೋಗದೊಳಗೆ ನಿಂತವರು ಈ ಹದಿನಾಲ್ಕೇ ಜನ. ಇವರಿಲ್ಲದಿದ್ದರೆ ಉಳಿದವರ ರಕ್ತವನ್ನು ಹೋಲಿಸಿ ನೋಡಲು ಯಾರೂ ಇಲ್ಲ.

ಅಭಿಜ್ಞಾ ನಾಗಪತಿ ಹೆಗಡೆಯವರ ಕೋಣೆಗೆ ಓಡಿದಳು. ಇಬ್ಬರದೂ ಒಂದೇ ಮನೆಮಾತು, ತೋಟದ ಮನೆಗಳ ಕನ್ನಡ.

"ರಕ್ತ ಕೊಡಲೆ ಎಂತಕ್ಕೆ ಬತ್ವಿಲ್ಯಡ?" ಎಂದರು ನಾಗಪತಿ.

"ಕಾರಣ ಹೇಳ್ತ್ವಿಲ್ಲೆ ಸರ್. ಹೇಳಲೇಬೇಕು ಹೇಳಿ ಇಲ್ಲೆ, ಫಾರ್ಮಲ್ಲಿ ಹಂಗೇ ಇದ್ದು."

"ಆ ಫಾರ್ಮು ಯಾರು ಓದಿ ಹೇಳಿದ್ದು ಅವ್ಕೆ?"

"ಆನೇ ಓದಿದ್ದು ಸರ್."

ನಾಗಪತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮಂಗಳವಾರ ಬಿಸ್ಕೀಟು ಬಂತು. ಹೆಂಗಸರು ತಿಂದರು. ರಕ್ತ? ಏಳನೇದು. ಬುಧವಾರ ಬೇಯಿಸಿದ ಮೊಟ್ಟೆ ಬಂತು, ತಲೆಗೆ ಎರಡು. ತಿಂದರು. ಏಳನೇದು. ರಕ್ತ ಮಾರುತ್ತಾರೆಂದು ಹೆದರಿರಬೇಕು ಎಂದು ಒಬ್ಬ ಪ್ರೊಫೆಸರು ಊಹಿಸಿ, ಅರ್ಧ ಗಂಟೆ ರಕ್ತದ ಮೇಲೆ ಭಾಷಣ ಮಾಡಿದರು. ಹೆಂಗಸರು ಕೂತು ಕೇಳಿದರು. ನಿಂತೇ ಇರುವವರಿಗೆ ಕೂರಲು ಸಿಕ್ಕಿದ್ದೇ ಲಾಭ.

ಗುರುವಾರ ಶಿವಪುತ್ರಪ್ಪ ಬಂದ. "ಏನ್ ಆಟ ನಡಸೀರಿ? ನಾಳಿಂದ ಬರಬ್ಯಾಡ್ರಿ ಅಂದ್ರ ಏನ್ ಮಾಡ್ತೀರಿ?"

ಗೌರಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ. "ಕೆಲಸಕ್ಕೆ ತೊಂದ್ರೆ ಇಲ್ಲ ಅಂತ ಬರ್ದಾರೆ. ಸೀಲು ಐತೆ. ಓದಿಸ್ಲಾ ಡಾಕ್ಟ್ರಮ್ಮನ ಹತ್ರ?"

"ನನ್ನ ಸೀಲ್ ಅಲ್ಲಲ್ಲ ಅದು!"

"ನೀವು ಕೊಟ್ಟ ಕುರ್ಚಿಗಳು ನಾವು. ಕೂತಿರೋದು ಅವ್ರು. ಅವ್ರನ್ನೇ ಕೇಳ್ರಿ."

ಹದಿನಾಲ್ಕು ಜನ ಒಟ್ಟಿಗೆ ಹೋದರೆ ಆ ವಾರ್ಡಿನೊಳಗೆ ಕಾಲಿಡುವ ಹೊಸಬರು ಶಿರಸಿಯಲ್ಲಾಗಲಿ ಬನವಾಸಿಯಲ್ಲಾಗಲಿ ಸಿಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಗೊಣಗುತ್ತ ಹೋದ. ಆದರೆ ಹೋಗುವಾಗ ತಿರುಗಿ ಗೌರಕ್ಕನೊಬ್ಬಳನ್ನೇ ನೋಡಿದ. ಅವಳೂ ಅದನ್ನು ನೋಡಿದಳು.

ಶುಕ್ರವಾರ ಮಧ್ಯಾಹ್ನ ಅಭಿಜ್ಞಾ ಗೌರಕ್ಕನನ್ನು ಹುಡುಕುತ್ತ ಲಾಂಡ್ರಿಯ ಹಿಂದೆ ಬಂದಳು. ಮಳೆ ಹೊಯ್ಯುತ್ತಿತ್ತು. ರೋಹಿಣಿ ಹಾಳೆ ಹಿಡಿದು ನಿಂತಿದ್ದಳು. ಹಿಂದೆ ಗೌರಕ್ಕ ಕುಕ್ಕುರುಗಾಲಲ್ಲಿ ಕೂತು ತಲೆಗೆ ತಣ್ಣೀರು ಸುರಿದುಕೊಳ್ಳುತ್ತಿದ್ದಳು. ಮೇಲಿನದು ಮಳೆಯೋ ನಲ್ಲಿಯೋ ತಿಳಿಯುವಂತಿರಲಿಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು. ಕೆಮ್ಮು ಬಂತು. ಬಗ್ಗಿ ಕೆಮ್ಮಿದಳು.

"ಇಲ್ಲಾ ಮೀಯೋದು?" ಎಂದಳು ಅಭಿಜ್ಞಾ.

"ಇಲ್ಲೇಯ. ಬರ್ತ್ರಾ? ಜಾಗ ಐತೆ" ಎಂದಳು ರೋಹಿಣಿ.

ಅಭಿಜ್ಞಾಳ ಕೂದಲು ಇನ್ನೂ ಒದ್ದೆಯಿತ್ತು. ಹತ್ತು ನಿಮಿಷದ ಹಿಂದೆ ವಿಶ್ರಾಂತಿ ಕೋಣೆಯ ಬಿಸಿನೀರಲ್ಲಿ ಮಿಂದು ಬಂದಿದ್ದಳು. ಅವಳ ಕಿವಿ ಕೆಂಪಾಯಿತು. ಅವಳ ಮನೆಯ ಕಡೆ ಮಳೆಯಲ್ಲಿ ನೆನೆದು ಯಾರೇ ಬಂದರೂ ಮೊದಲು ಬಚ್ಚಲ ಒಲೆಗೆ ಬೆಂಕಿ ಹಾಕುವುದು ರೂಢಿ. ಮಿಕ್ಕ ಮಾತೆಲ್ಲ ಆಮೇಲೆ. ಕಾರಣ ಅವಳಿಗೆ ಸಿಕ್ಕಿತು. ಕೇಳಲಿಲ್ಲ. ಕೇಳುವ ಹಾಗಿರಲಿಲ್ಲವಲ್ಲ.

ಶನಿವಾರ ಬೆಳಿಗ್ಗೆ ಗೌರಕ್ಕ ನಾಗಪತಿಯವರ ಕೋಣೆಯ ನೆಲ ಒರೆಸುತ್ತಿದ್ದಳು. ಅಭಿಜ್ಞಾ ಒಳಗೆ ಬಂದಳು. ನೆಲ ಒರೆಸುವವರಿದ್ದಾರೆಂದು ಮಾತು ನಿಲ್ಲಿಸುವ ಅಭ್ಯಾಸ ಆ ಕೋಣೆಗೆ ಇರಲಿಲ್ಲ.

"ಆನು ನಿನ್ನೆ ಕಂಡಿ ಸರ್. ಅವು ಮಳೇಲಿ, ತಣ್ಣೀರಲ್ಲಿ ಮೀತಾ ಇದ್ದ. ಅವ್ಕೆ ಬಚ್ಚಲು ಕೊಡವು."

"ಅವು ನಮ್ಮ ಸ್ಟಾಫ್ ಅಲ್ಲ. ಶಿವಪುತ್ರಪ್ಪನ ಜನ. ಇಂದು ಬಚ್ಚಲು ಕೊಟ್ರೆ ನಾಳೆ ಮಂಚ ಕೇಳ್ತ."

"ಅನುದಾನದ ಅರ್ಜಿಲಿ ಇನ್ನೂರ ತೊಂಬತ್ನಾಲ್ಕು ಸಿಬ್ಬಂದಿ ಹೇಳಿ ಬರದ್ದು ನೀವೇ. ಈ ಹದ್ನಾಲ್ಕು ಸೇರಿದ್ರೇ ಅಷ್ಟು ಆಗ್ತು."

"ಅದು ರಿಸರ್ಚಿಗೆ ಅಲ್ದನೇ!"

ನೆಲದಿಂದ ಒಂದು ದನಿ ಬಂತು. "ಅಂದ್ರೆ ರಕ್ತಕ್ಕೆ ನಾವು ಸಿಬ್ಬಂದಿ. ನೀರಿಗೆ ಅಲ್ಲ."

ಇಬ್ಬರೂ ತಿರುಗಿದರು. ಗೌರಕ್ಕ ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿದಳು. ಸೊಂಟ ಹಿಡಿದು ನಿಂತಳು. ಇಪ್ಪತ್ತು ವರ್ಷ ತೋಟದವರ ಬಚ್ಚಲಲ್ಲಿ ಕೂತವಳಿಗೆ ಅವರ ಮಾತು ತಿಳಿಯದೇ?

"ಲಸಿಕೆ ಹಾಕೋಕಾದ್ರೆ ನಾವು ಸಿಬ್ಬಂದಿ. ಹೆಣ ಎತ್ತೋಕಾದ್ರೆ ಸಿಬ್ಬಂದಿ. ಹೆಗಡೇರೇ, ಆ ಬಚ್ಚಲ ತೂತಿಂದ ದಿನಾ ನಿಮ್ಮ ಕೂದ್ಲು ತೆಗೆಯೋಳು ನಾನು. ಬಿಳೀದು ಜಾಸ್ತಿ ಆಗೈತೆ. ಹೆಣ್ತಿಗೂ ಗೊತ್ತಿಲ್ಲದ್ದು ನಂಗೆ ಗೊತ್ತು. ನಾನು ಹೊರಗಿನವಳು ಹೆಂಗ್ರಾ ಆದೆ?"

ಅಭಿಜ್ಞಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು.

ನಾಗಪತಿ ತಲೆ ಸವರಿಕೊಂಡರು. "ಹಾಗಾದ್ರೆ ಇದಕ್ಕೇ ರಕ್ತ ಕೊಡ್ಲಿಲ್ವಾ ನೀವು?"

"ಕಾರಣ ನಾ ಹೇಳಂಗಿಲ್ಲ. ನೀವು ಕೇಳಂಗೂ ಇಲ್ಲ."

"ಬಚ್ಚಲು ಕೊಟ್ರೆ ರಕ್ತ ಕೊಡ್ತೀರಾ?"

"ಅದ್ನೂ ಕೇಳಂಗಿಲ್ಲ. ಕೊಟ್ಟು ನೋಡ್ರಿ."

ಅಭಿಜ್ಞಾ ಮೆಲ್ಲಗೆ ಹೇಳಿದಳು, ಈ ಸಲ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ: "ಅನುದಾನ ಕೊಟ್ಟವರಿಗೆ ನಾನು ವರದಿ ಬರೀಬೇಕು ಸರ್. ಹದಿನಾಲ್ಕು ಜನ ಯಾಕೆ ಬಿಟ್ಟರು ಅಂತ ಅವರು ಕೇಳ್ತಾರೆ. ಬಚ್ಚಲಿನ ಫೋಟೋ ಕೆಳಗೆ 'ಎಲ್ಲ ಸಿಬ್ಬಂದಿಗಾಗಿ' ಅಂತ ಬರೆದು ನೀವು ಸಹಿ ಮಾಡಿದ್ದೀರಿ. ನಾನು ಕಂಡದ್ದನ್ನೇ ಬರೀತೇನೆ."

ನಾಗಪತಿ ಮೇಜಿನ ಡ್ರಾ ಎಳೆದರು. ಆಮೇಲೆ, "ಮಧ್ಯಾಹ್ನ ಎರಡರಿಂದ ಮೂರು. ನಾಲ್ಕನೇ ಬಚ್ಚಲು ಮಾತ್ರ" ಎಂದರು.

"ಹದಿನಾಲ್ಕು ಜನ, ಒಂದು ತಾಸು, ಒಂದು ಬಚ್ಚಲು. ನಾವೇನು ಬಾತುಕೋಳಿಯಾ, ಮುಳುಗಿ ಏಳೋಕೆ? ಎರಡು ಬಚ್ಚಲು. ಬೀಗದ ಕೈ ನಮ್ಮ ಹತ್ರ. ತೊಳೆಯೋರು ನಾವೇ ಅಲ್ದಾ."

ಕೀಲಿಕೈ ಮೇಜಿನ ಮೇಲೆ ಬಂತು. ನಾಗಪತಿ ಅದನ್ನು ಅವಳ ಕೈಗೆ ಕೊಡಲಿಲ್ಲ, ಮೇಜಿನ ಅಂಚಿಗೆ ನೂಕಿದರು. ಗೌರಕ್ಕ ಅದನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿದಳು.

ಆ ಮಧ್ಯಾಹ್ನ ಮೊದಲು ಒಳಗೆ ಹೋದವಳು ಅವಳೇ. ಚಿಲಕ ಹಾಕಿದಳು. ಹಾಕಿದ ಚಿಲಕ ನಿಂತಿತು. ಅದೇ ಒಂದು ಆಶ್ಚರ್ಯ. ಎಲ್ಲ ಬಟ್ಟೆ ತೆಗೆದಳು. ಬರಿಗಾಲಿಟ್ಟ ಒಂದೊಂದು ಹಂಚೂ ಪರಿಚಯದ್ದು. ಮೂಲೆಯಲ್ಲಿ ಬಿರುಕು ಬಿಟ್ಟದ್ದು, ಎಷ್ಟು ಉಜ್ಜಿದರೂ ಬಿಳಿಯಾಗದ್ದು. ಕೆಂಪು ಚುಕ್ಕೆ ತಿರುಗಿಸಿದಳು. ನೀರು ಬೆನ್ನ ಮೇಲೆ ಬಿತ್ತು. ಅಯ್ಯೋ ಎಂದಳು. ಹೊರಗಿದ್ದವರು ಬಾಗಿಲು ಬಡಿದರು.

"ಎಂತಾ ಆತೇ ಅತ್ತೆ?"

"ಬಿಸಿ ಐತೆ!"

"ಬಿಸಿನೀರು ಬಿಸಿ ಇರದೇ ಎಂತ ಇರ್ತದೆ? ಬೇಗ ಬಾ!"

ಹದಿನಾಲ್ಕು ಜನ ಮೈಯಿಂದ ಹಬೆ ಏಳುತ್ತ ಲ್ಯಾಬಿನ ಎದುರು ಸಾಲು ನಿಂತರು. ಅಭಿಜ್ಞಾ ಸೂಜಿ ಹಿಡಿದಳು. ಗೌರಕ್ಕ ಕೈ ಚಾಚುವ ಮೊದಲು ಹೇಳಿದಳು, "ಒಂದ್ಸಲ ಓದಿಬಿಡ್ರಿ. ಕೇಳೋಕೆ ಚೆಂದ ಐತೆ." ಅಭಿಜ್ಞಾ ಕಾಗದ ನೋಡದೆಯೇ ಹೇಳಿದಳು.

ವಾರದಲ್ಲಿ ಕೆಮ್ಮು ಹೋಯಿತು. ಒಂದು ಬೆಳಿಗ್ಗೆ ಗೌರಕ್ಕ ಕಾಲು ನೀಡಿ ಕೂತಳು. ದೇವಿ ಕೂಸನ್ನು ಅವಳ ಮೊಣಕಾಲ ಮೇಲೆ ಇಟ್ಟಳು. ಅಂಗೈಯಲ್ಲಿ ಬಿಸಿ ನೋಡಿ ಒಂದು ಧಾರೆ ಬಿಟ್ಟಳು, ಕಿವಿ ತಪ್ಪಿಸಿ. ಕೂಸು ಆಕಳಿಸಿತು. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ನೋಡಿ, "ಹೌದಪ್ಪ, ನಂದು ಗೋಣಿಚೀಲವೇ" ಎಂದಳು.

ಶಿವಪುತ್ರಪ್ಪ ಕಾದಿದ್ದ. ಅನುದಾನ ಕೊಟ್ಟವರಿಗೆ ವರದಿ ಹೋದ ಮೇಲೆ ಬಂದು, "ಗೌರಕ್ಕಾ, ಯಲ್ಲಾಪುರದಾಗ ಕೊರೋನಾ ಸೆಂಟರ್ ತಗದಾರ. ನಾಳಿಂದ ಅಲ್ಲಿಗೆ ನಡೀರಿ, ಇರೂದೂ ಅಲ್ಲೇ. ಕೆಲಸದಿಂದ ತಗದಿಲ್ಲ ನೋಡ್ರಿ, ನಿಮ್ಮ ಕಲಮಿಗೆ ತೊಂದ್ರಿ ಇಲ್ಲ" ಎಂದ. ನಕ್ಕ. ಈ ಸಲ ಅವನೂ ಓದಿಸಿಕೊಂಡು ಬಂದಿದ್ದ.

ದೇವಿ ಹೊರಡುವುದು ಒಂದು ದಿಕ್ಕು, ಯಲ್ಲಾಪುರ ಇನ್ನೊಂದು ದಿಕ್ಕು. ಗೌರಕ್ಕ ಕೀಲಿಕೈಯನ್ನು ಸೆರಗಿನಿಂದ ಬಿಚ್ಚಿ ರೋಹಿಣಿಯ ಸೆರಗಿಗೆ ಕಟ್ಟಿದಳು. ಅಭಿಜ್ಞಾಳ ಹತ್ತಿರ ಹೋಗಿ ಒಪ್ಪಿಗೆ ಪತ್ರದ ಜೆರಾಕ್ಸು ಕೇಳಿದಳು. "ನಾಲ್ಕನೇ ರಕ್ತ ಬೇಕಂದ್ರೆ ಯಲ್ಲಾಪುರಕ್ಕೆ ಬರ್ರಾ. ಕೊಡ್ತೆ. ಓದಿ ಹೇಳ್ದ್ರೆ ಮಾತ್ರ." ಜೆರಾಕ್ಸನ್ನು ನಾಲ್ಕು ಮಡಿಕೆ ಮಾಡಿ ಕುಬಸದೊಳಗೆ ಇಟ್ಟುಕೊಂಡು ಬಸ್ಸು ಹತ್ತಿದಳು. ಯಲ್ಲಾಪುರದ ಸೆಂಟರಿನಲ್ಲಿ ಕಸ ಗುಡಿಸುವವರು ಆರು ಜನ. ನಲ್ಲಿ ಅಲ್ಲೂ ಹೊರಗೇ ಇತ್ತು.

ಬೋರ್ಡು ಈಗಲೂ ಹಾಗೇ ಇದೆ, ಸಿಬ್ಬಂದಿಗೆ ಮಾತ್ರ. ಅದನ್ನು ಒರೆಸುವವಳು ರೋಹಿಣಿ.

ಸಿಕ್ಕಿದ್ದು ಹದಿಮೂರು ಜನಕ್ಕೆ ಬಿಸಿನೀರು, ಮೊಮ್ಮಗಳಿಗೆ ಅಜ್ಜಿಯ ಕೈಯಿಂದ ಹನ್ನೊಂದು ಸ್ನಾನ. ಹೋದದ್ದು ಹನ್ನೆರಡನೆಯದು ಮತ್ತು ಆಮೇಲಿನವೆಲ್ಲ.